ನಿಂತರೆ, ನಿಂತಿದ್ದರೆ

ಆ ದಿನ ನಮ್ಮವರಿಗೆ ರಜೆ. ಬೆಳಗಿನಿಂದ ಅಡುಗೆಮನೆಯ ನಲ್ಲಿಗೆ ವಾಷರ್ ಹಾಕುತ್ತ ಕೂತಿದ್ದರು. ಹಾಕುವುದು, ತಿರುಗಿಸುವುದು, ತೊಟ್ಟಿಕ್ಕಿದರೆ ಮತ್ತೆ ಬಿಚ್ಚುವುದು.

"ಪ್ಲಂಬರನ್ನ ಕರೀಬಾರದಾ?" ಅಂದೆ.

"ಇಷ್ಟಕ್ಕೆಲ್ಲ ಪ್ಲಂಬರ್ ಯಾಕೆ? ಮನೇಲಿ ಗಂಡಸಿಲ್ವಾ?"

"ಇದ್ದಾನೆ. ನಲ್ಲಿಗೆ ಅದು ಇನ್ನೂ ಗೊತ್ತಾಗಿಲ್ಲ."

ಮಗಳು ಬಾಗಿಲ ಹತ್ತಿರ ತಲೆ ಬಾಚಿಕೊಳ್ಳುತ್ತಿದ್ದಳು. "ಅಪ್ಪಾ, ನಲ್ಲಿಗೂ ಒಬ್ಬಳು ಸೊಸೇನ ತಂದ್ಬಿಡು. ಅವಳೇ ನೋಡ್ಕೋತಾಳೆ" ಅಂದಳು. ಅವರು ನಕ್ಕು ಸ್ಪ್ಯಾನರ್ ಕೈಬಿಟ್ಟರು. ಅದು ಪಾತ್ರೆಯ ಮೇಲೆ ಬಿತ್ತು.

ಸೊಸೆ ಅಂದರೆ ಅವರು ಕೆಲಸಕ್ಕೆ ಓಡಿಸುವ ಹೊಸ ವ್ಯಾನಿನಲ್ಲಿದ್ದ ಒಂದು ಯಂತ್ರ. ಕಂಪನಿಯವರು ಅದಕ್ಕೆ ಇಟ್ಟ ಹೆಸರು ಅಡಾಪ್ಟಿವ್ ಕ್ರೂಸ್ ಕಂಟ್ರೋಲ್. ವ್ಯಾನುಗಳು ನಿಲ್ಲುವ ನಮ್ಮ ಯಾರ್ಡಿನಲ್ಲಿ ಆ ಹೆಸರಿಗೆ ಯಾರ ನಾಲಿಗೆಯೂ ಹೊರಳಲಿಲ್ಲ. ಮುಂದೆ ಹೋಗುವ ಗಾಡಿ ಅತ್ತೆ, ಇದು ಸೊಸೆ ಅಂದರು ನಮ್ಮವರು. ಅತ್ತೆ ನಡೆದರೆ ನಡೆಯುತ್ತಾಳೆ, ಅತ್ತೆ ನಿಧಾನ ಮಾಡಿದರೆ ನಿಧಾನ ಮಾಡುತ್ತಾಳೆ, ಮೈಗೆ ಮೈ ತಾಗದಷ್ಟು ದೂರದಲ್ಲಿ ಹಿಂದೆಯೇ ಇರುತ್ತಾಳೆ. ಎಲ್ಲರೂ ಹಾಗೇ ಕರೆಯತೊಡಗಿದರು.

ನಾವಿಬ್ಬರೂ ಗಾಜಿನ ಗೋದಾಮಿನಲ್ಲಿ ಕೆಲಸಕ್ಕಿದ್ದೆವು. ಕಿಟಕಿ ಗಾಜು, ಅಂಗಡಿಯ ದೊಡ್ಡ ಹಲಗೆ ಗಾಜು, ಕನ್ನಡಿ ಇವೆಲ್ಲ ನಮ್ಮಲ್ಲಿಂದ ಬೇರೆ ಊರುಗಳಿಗೆ ಹೋಗುತ್ತವೆ. ಒಂದು ಗಾಜಿಗೆ ಇನ್ನೊಂದು ಉಜ್ಜಬಾರದೆಂದು ನಡುವೆ ಕಾಗದ ಇಡುವುದು ನನ್ನ ಕೆಲಸ. ಅದನ್ನು ವ್ಯಾನಿನಲ್ಲಿ ಒಡೆಯದೆ ತಲುಪಿಸುವುದು ಅವರದು. ಯಾರ್ಡಿನಲ್ಲಿ ಅವರನ್ನು ಬೆಣ್ಣೆ ಅನ್ನುತ್ತಿದ್ದರು. ಬ್ರೇಕು ಹಿಡಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಹಿಂದಿರುವ ಗಾಜಿಗೆ ಗಾಡಿ ನಿಂತದ್ದೇ ತಿಳಿಯಬಾರದು, ಗಾಡಿ ತನಗೇ ಬೇಸರ ಬಂದು ನಿಂತ ಹಾಗಿರಬೇಕು ಅನ್ನುತ್ತಿದ್ದರು. ದೂರದಲ್ಲಿ ಕೆಂಪು ದೀಪ ಕಂಡಾಗಲೇ ಕಾಲು ಸಡಿಲ ಮಾಡುವರು. ಹಿಂದಿನವರು ಹಾರ್ನ್ ಬಾರಿಸಿ ಬೈಯುವರು. ಇವರು ಕನ್ನಡಿಯಲ್ಲಿ ನೋಡಿ ಕೈ ಮುಗಿಯುವರು.

ಮನೆಯಲ್ಲೂ ಅದೇ ಸ್ವಭಾವ. ಬಾಗಿಲು ದಡಾರನೆ ಹಾಕಿದವರಲ್ಲ. ಸಿಟ್ಟು ಬರುವುದಕ್ಕೇ ಅರ್ಧ ದಿನ ಬೇಕು. ಬೆಳಿಗ್ಗೆ ನಾನು ಜಗಳ ತೆಗೆದರೆ ಸಂಜೆ ಚಹಾ ಕುಡಿಯುವಾಗ, "ಬೆಳಿಗ್ಗೆ ನೀನು ಅಂದಿದ್ದು ಸರಿಯಿಲ್ಲ" ಅನ್ನುವರು. ಅಷ್ಟು ಹೊತ್ತಿಗೆ ನಾನು ಏನಂದೆನೆಂದು ನನಗೇ ಮರೆತಿರುತ್ತಿತ್ತು.

ಉದ್ದದ ದಾರಿಗೆ ಮೊದಲು ಇಬ್ಬರು ಡ್ರೈವರು ಹೋಗುತ್ತಿದ್ದರು. ಎರಡನೆಯವನಿಗೆ ನಮ್ಮ ಯಾರ್ಡಿನಲ್ಲಿ ಜೋಡಿ ಅನ್ನುತ್ತಾರೆ. ನಮ್ಮವರ ಜೋಡಿ ವರ್ಷಗಟ್ಟಲೆ ಒಬ್ಬನೇ. ಒಬ್ಬ ಓಡಿಸಿದರೆ ಇನ್ನೊಬ್ಬ ಪಕ್ಕದಲ್ಲಿ ನಿದ್ದೆ. ಒಂದೇ ಡಬ್ಬಿಯಲ್ಲಿ ಊಟ. ನಾನು ಅವನನ್ನು ಅಣ್ಣ ಅನ್ನುತ್ತಿದ್ದೆ, ಮಗಳು ಮಾವ ಅನ್ನುತ್ತಿದ್ದಳು. ಅವರಿಬ್ಬರೂ ಒಬ್ಬರಿಗೊಬ್ಬರು ಭಾವ.

ಸೊಸೆ ಇರುವ ವ್ಯಾನುಗಳು ಬಂದ ಮೇಲೆ ಮಾಲೀಕರು ಜೋಡಿ ಪದ್ಧತಿ ತೆಗೆದರು. ಅರ್ಧ ಕೆಲಸ ಯಂತ್ರವೇ ಮಾಡುವಾಗ ಇಬ್ಬರು ಯಾಕೆ ಅಂದರು. ಡ್ರೈವರುಗಳು ಗೊಣಗಿದರು. ನಮ್ಮವರ ಜೋಡಿಯನ್ನು ವ್ಯಾನಿನ ಕಂಪನಿಗೆ ತರಬೇತಿಗೆ ಕಳಿಸಿದರು. ಕಲಿತು ಬಂದು ಅವನು ಎಲ್ಲರಿಗೂ ಹೇಳಿಕೊಟ್ಟ. ಆಮೇಲೆ ಅವನು ಗಾಡಿ ಹತ್ತಲಿಲ್ಲ. ಅವನನ್ನು ಯಾರ್ಡಿನ ಉಸ್ತುವಾರಿ ಮಾಡಿದರು. ಗಾಜಿನ ಕೋಣೆ, ಫ್ಯಾನು, ತಿರುಗುವ ಕುರ್ಚಿ. ನಮಗೆ ಹೊಟ್ಟೆಕಿಚ್ಚಿರಲಿಲ್ಲ. ನಮ್ಮವರಂತೂ, "ಭಾವನಿಗೆ ಬೆನ್ನುನೋವು, ಕುರ್ಚಿ ಸಿಕ್ಕಿದ್ದು ಒಳ್ಳೇದಾಯ್ತು" ಅಂದಿದ್ದರು.

ಆ ರಜೆಯ ದಿನ ಮಧ್ಯಾಹ್ನ ಅವನು ಊಟಕ್ಕೆ ಬಂದ. ಮಗಳಿಗೆ ಕಿತ್ತಳೆ ತಂದಿದ್ದ.

"ಏನ್ ಭಾವ, ಸ್ಟೇರಿಂಗ್ ಬಿಟ್ಟು ನಲ್ಲಿ ಹಿಡಿದ್ರಿ?"

"ನೀನು ಸ್ಟೇರಿಂಗ್ ಬಿಟ್ಟು ಕುರ್ಚಿ ಹಿಡಿಲಿಲ್ವಾ ಭಾವ? ಅದೂ ತಿರುಗುತ್ತೆ, ಇದೂ ತಿರುಗುತ್ತೆ."

ಮೇಜಿನ ಮೇಲೆ ಊಟ ಬಡಿಸಿದೆ. ಮಗಳ ಬಾಯಿ ಸುಮ್ಮನಿರುವುದಿಲ್ಲ. "ಅಪ್ಪಾ, ಆ ಸೊಸೆಗೆ ಕಣ್ಣೆಲ್ಲಿದೆ?" ಅಂದಳು.

"ಕಣ್ಣು ಯಾಕೆ, ಕಿವಿ ಸಾಕು ಅವಳಿಗೆ. ಮುಂದಿನ ಜಾಲರಿ ಹಿಂದೆ ಒಂದು ಡಬ್ಬಿ ಇದೆ, ರೇಡಾರ್ ಅಂತ. ಅದು ಸುಮ್ನೆ ಕೂಗ್ತಾ ಇರುತ್ತೆ. ನಮಗೆ ಕೇಳ್ಸಲ್ಲ. ಆ ಕೂಗು ಮುಂದಿನ ಗಾಡಿಗೆ ಬಡಿದು ವಾಪಸ್ ಬರುತ್ತೆ. ಬೇಗ ಬಂದ್ರೆ ಗಾಡಿ ಹತ್ರ ಇದೆ, ತಡವಾಗಿ ಬಂದ್ರೆ ದೂರ ಇದೆ."

"ಆ ಗಾಡಿ ಜೋರಾಗಿ ಹೋಗ್ತಿದೆಯೋ ಮೆಲ್ಲಗೋ ಹೇಗೆ ಗೊತ್ತಾಗುತ್ತೆ?"

"ಆಂಬುಲೆನ್ಸ್ ಹತ್ರ ಬರುವಾಗ ಸದ್ದು ಒಂಥರಾ, ದಾಟಿ ಹೋದ್ಮೇಲೆ ಒಂಥರಾ, ಅಲ್ವಾ? ಇದೂ ಹಾಗೇ. ವಾಪಸ್ ಬಂದ ಕೂಗು ಬದಲಾಗಿರುತ್ತೆ. ಅದ್ರಲ್ಲೇ ತಿಳ್ಕೋತಾಳೆ."

ಎರಡು ಲೋಟ ತೆಗೆದುಕೊಂಡು ಒಂದರ ಹಿಂದೆ ಒಂದು ಇಟ್ಟರು. ಹಿಂದಿನದು ತಮ್ಮ ವ್ಯಾನು ಅಂದರು.

"ನಾನು ತೊಂಬತ್ತು ಅಂತ ಹೇಳಿ ಕಾಲು ತೆಗೀತೀನಿ. ಮುಂದಿನೋನಿಗೆ ಎಷ್ಟು ಜಾಗ ಬಿಡಬೇಕು ಅಂತಾನೂ ಹೇಳಿರ್ತೀನಿ. ದಾರಿ ಖಾಲಿ ಇದ್ರೆ ತೊಂಬತ್ತು. ಎಪ್ಪತ್ತರೋನು ಸಿಕ್ಕಿದ್ರೆ ನಾವೂ ಎಪ್ಪತ್ತು. ಅವನು ಪಕ್ಕಕ್ಕೆ ಸರಿದ್ರೆ ಮತ್ತೆ ತೊಂಬತ್ತಕ್ಕೆ ಏರ್ತಾಳೆ. ಅವನು ನಿಂತ್ರೆ ಇವಳೂ ನಿಲ್ತಾಳೆ. ಬ್ರೇಕು ಹಿಡಿಯೋದು ನೋಡ್ಬೇಕು ನೀನು, ನನಗಿಂತ ಮೆತ್ತಗೆ. ಗಾಜು ಕಮಕ್ ಕಿಮಕ್ ಅನ್ನಲ್ಲ."

ಮಗಳು ಉಪ್ಪಿನ ಡಬ್ಬಿಯನ್ನು ಮೇಜಿನ ಆ ತುದಿಯಲ್ಲಿ ಇಟ್ಟಳು. "ಇದು ಮೊದಲೇ ನಿಂತಿದ್ರೆ?"

ನಮ್ಮವರು ಜೋಡಿಯ ಮುಖ ನೋಡಿದರು. ಪಾಠ ಕಲಿತು ಬಂದವನು ಅವನಲ್ಲವೇ.

"ಊಟ ಆರ್ತಾ ಇದೆ, ತಿನ್ನು ಮರಿ. ಡ್ರೈವರಮ್ಮ ಆಗೋ ಹಾಗೆ ಕೇಳ್ತಾಳೆ ನೋಡಿ!" ಅಂದ ಅವನು.

ನಾವೆಲ್ಲ ನಕ್ಕೆವು. ಅವನಿಗೆ ಇನ್ನೊಂದು ಸೌಟು ಬಡಿಸಿದೆ.

ಮಾರನೇ ದಿನ ಅವರು ಹೊರಟರು. ರಾತ್ರಿ ಚೆನ್ನಾಗಿ ಗೊರಕೆ ಹೊಡೆದು ಮಲಗಿದ್ದರು. ಬೆಳಕು ಹರಿದ ಮೇಲೆ ಎದ್ದು, ಸ್ನಾನ ಮಾಡಿ, ಹೊಟ್ಟೆ ತುಂಬ ತಿಂದು ಹೋದರು. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ.

ಹೆದ್ದಾರಿಯಲ್ಲಿ ಒಂದು ಲಾರಿ ಕೆಟ್ಟು ನಡುರಸ್ತೆಯಲ್ಲಿ ನಿಂತಿತ್ತು. ಇವರ ಮುಂದೆ ಒಂದು ಕಾರು ಹೋಗುತ್ತಿತ್ತು. ಕಾರಿನವನು ಲಾರಿ ನೋಡಿ ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ಸರಿದ. ಇವರ ವ್ಯಾನು ಸರಿಯಲಿಲ್ಲ, ನಿಲ್ಲಲಿಲ್ಲ. ಇನ್ನೂ ಜೋರಾಗಿ ಹೋಯಿತು ಅಂದರು ನೋಡಿದವರು. ಲಾರಿ ಅವರನ್ನು ಕೊಲ್ಲಲಿಲ್ಲ. ಹಿಂದಿದ್ದ ಗಾಜೆಲ್ಲ ಒಂದೇ ಸಲ ಮುಂದಕ್ಕೆ ಬಂತು. ಆ ಗಾಜಿಗೆ ಕಾಗದ ಇಟ್ಟವಳು ನಾನು.

ಸುದ್ದಿ ತಂದವನು ಜೋಡಿ. ಬಾಗಿಲಲ್ಲೇ ಕುಸಿದು ಕೂತು ಅತ್ತ. ಎಲ್ಲ ಕೆಲಸಕ್ಕೂ ಅವನೇ ಓಡಾಡಿದ. ಬಂದವರಿಗೆ ಕುರ್ಚಿ ಹಾಕಿದ, ಮಗಳಿಗೆ ಹಾಲು ಕುಡಿಸಿದ. ಹೇಗಾಯಿತು ಎಂದು ಯಾರು ಕೇಳಿದರೂ, "ಪಾಪ, ನಿದ್ದೆ ಹತ್ತಿರಬೇಕು" ಅಂದ. ಅವನ ಬಾಯಿಂದ ಬಂದದ್ದು ಮಾಲೀಕರ ಬಾಯಿಗೆ ಹೋಯಿತು, ಅಲ್ಲಿಂದ ಪೊಲೀಸರ ಬಾಯಿಗೆ. ತಿಂಗಳು ಕಳೆಯುವಷ್ಟರಲ್ಲಿ ಯಾರ್ಡಿನಲ್ಲಿ ನನ್ನ ಗಂಡ ಸ್ಟೇರಿಂಗ್ ಮೇಲೆ ಮಲಗಿದವನಾಗಿದ್ದ.

"ಅವರು ನಿದ್ದೆ ಮಾಡಿರ್ಲಿಲ್ಲ ಅಣ್ಣ" ಅಂದೆ.

"ನನಗೂ ಹಾಗೇ ಅನ್ಸುತ್ತೆ ತಂಗಿ. ಆದ್ರೆ ಏನು ಮಾಡೋದು, ನಾವು ನೋಡಿದ್ವಾ?"

ನಂಬಿದೆ. ಅವನೂ ನನ್ನಂತೆ ಏನೂ ತಿಳಿಯದವನು ಅಂದುಕೊಂಡೆ.

ಆಮೇಲೆ ವ್ಯಾನು ಮಾಡಿದ ಕಂಪನಿಯಿಂದ ಒಬ್ಬಳು ಇಂಜಿನಿಯರ್ ಬಂದಳು. ವಯಸ್ಸು ಚಿಕ್ಕದು, ಮಾತು ನೇರ. ಉಳಿದ ವ್ಯಾನುಗಳ ಮುಂದಿನ ಜಾಲರಿ ಬಿಚ್ಚಿ ಡಬ್ಬಿಗಳನ್ನು ಪರೀಕ್ಷೆ ಮಾಡಿದಳು. ನಾನು ಕಾಗದದ ಕಟ್ಟು ಹಿಡಿದು ಹತ್ತಿರ ಹೋಗಿ ನಿಂತೆ. ನಾನು ಯಾರೆಂದು ಹೇಳಿದೆ. ಅವಳು ಎದ್ದು ಕೈ ಒರೆಸಿಕೊಂಡಳು.

"ಅವರು ನಿದ್ದೆ ಮಾಡಿದ್ರಾ?" ಎಂದು ಕೇಳಿದೆ.

"ಇಲ್ಲಮ್ಮ. ಕೊನೇಲಿ ಬ್ರೇಕ್ ಮೇಲೆ ಕಾಲಿಟ್ಟಿದಾರೆ, ಪೂರ್ತಿ ಒತ್ತಿದಾರೆ. ಆ ವ್ಯಾನಲ್ಲಿ ಅದು ದಾಖಲಾಗಿದೆ. ನಿದ್ದೆ ಮಾಡಿದ್ರೆ ಹಾಗೆ ಒತ್ತೋಕಾಗಲ್ಲ. ಆದ್ರೆ ತಡವಾಗಿತ್ತು."

"ಅವರು ಯಾವತ್ತೂ ತಡ ಮಾಡ್ದೋರಲ್ಲ. ಎಲ್ಲರಿಗಿಂತ ಮುಂಚೆ ಬ್ರೇಕ್ ಹಿಡಿಯೋರು."

"ಯಂತ್ರ ಹಿಡಿಯುತ್ತೆ ಅಂತ ಕಾದಿರಬೇಕು" ಅಂದಳು.

"ಯಂತ್ರ ಯಾಕೆ ಹಿಡೀಲಿಲ್ಲ? ಕೆಟ್ಟಿತ್ತಾ?"

"ಕೆಟ್ಟಿರ್ಲಿಲ್ಲ. ಇದು ಇರೋದೇ ಹಾಗೆ. ನೋಡಿ, ದಾರಿಯುದ್ದಕ್ಕೂ ಕಂಬ, ಬೋರ್ಡು, ಸೇತುವೆ, ತಡೆಗೋಡೆ ಇರುತ್ತೆ. ಎಲ್ಲದಕ್ಕೂ ರೇಡಾರ್ ಬಡಿದು ವಾಪಸ್ ಬರುತ್ತೆ. ಕಂಡಿದ್ದಕ್ಕೆಲ್ಲ ಬ್ರೇಕ್ ಹಿಡಿದ್ರೆ ಗಾಡಿ ಓಡೋಕೇ ಆಗಲ್ಲ. ಅದಕ್ಕೆ ಜೋರಾಗಿ ಹೋಗುವಾಗ, ಮೊದಲಿಂದ ನಿಂತಿರೋದನ್ನ ಲೆಕ್ಕಕ್ಕೆ ತಗೋಬೇಡ ಅಂತ ಈ ಮಾಡೆಲ್ಲಲ್ಲಿ ನಾವೇ ಇಟ್ಟಿದೀವಿ. ಚಲಿಸ್ತಾ ಇದ್ದದ್ದು ಕಣ್ಮುಂದೆ ನಿಂತರೆ ಇದು ನಿಲ್ಲುತ್ತೆ. ಮೊದಲೇ ನಿಂತಿದ್ದರೆ ನಿಲ್ಲಲ್ಲ. ಮುಂದಿದ್ದ ಕಾರು ಸರಿದಾಗ ದಾರಿ ಖಾಲಿ ಆಯ್ತು ಅಂದ್ಕೊಂಡು ವೇಗ ಏರಿಸಿದೆ."

"ಲಾರೀನ ಕಂಬ ಅಂದ್ಕೊಳ್ತಾ?"

"ಹಾಗೇ ಅಂದ್ಕೊಳ್ಳಿ."

"ಇದನ್ನ ನಮ್ಮೋರಿಗೆ ಯಾರೂ ಹೇಳಿರ್ಲಿಲ್ಲ."

ಅವಳ ಮುಖ ಬಿಗಿಯಾಯಿತು. ತನ್ನ ಕಂಪನಿಯ ಮೇಲೆ ಮಾತು ಬಂತು ಅನ್ನಿಸಿರಬೇಕು. "ನಾವು ಹೇಳಿದೀವಮ್ಮ. ನಿಮ್ಮ ಯಾರ್ಡಿಂದ ತರಬೇತಿಗೆ ಬಂದಿದ್ದವರಿಗೆ ನಾನೇ ಹೇಳಿಕೊಟ್ಟೆ. ನಿಂತರೆ, ನಿಂತಿದ್ದರೆ ಎರಡೂ ಒಂದೇ ಥರ ಕೇಳ್ಸುತ್ತೆ, ಅದಲುಬದಲಾಗಬಾರದು ಅಂತ ಅವರ ಬಾಯಲ್ಲೇ ಹೇಳಿಸಿದೆ. ಅವರು ತಿರುಗಿ ನನಗೇ ಪ್ರಶ್ನೆ ಕೇಳಿದ್ರು. ಚೆನ್ನಾಗಿ ಅರ್ಥವಾಗಿತ್ತು ಅವರಿಗೆ."

ಉಪ್ಪಿನ ಡಬ್ಬಿ ಕಣ್ಣಮುಂದೆ ಬಂತು. ಹತ್ತು ವರ್ಷದ ಹುಡುಗಿ ಸರಿಯಾದ ಮಾತನ್ನೇ ಕೇಳಿದ್ದಳು. ಉತ್ತರ ಗೊತ್ತಿದ್ದವನು ನನ್ನ ಮೇಜಿನ ಮುಂದೆ, ನನ್ನ ಕೈಯ ಅನ್ನ ಬಾಯಲ್ಲಿಟ್ಟುಕೊಂಡು ಕೂತಿದ್ದ.

ನೇರ ಅವನ ಗಾಜಿನ ಕೋಣೆಗೆ ಹೋದೆ. ಬಾಗಿಲು ತಟ್ಟಲಿಲ್ಲ.

"ಬಾ ತಂಗಿ, ಕೂತ್ಕೋ."

"ನಿಂತರೆ ನಿಲ್ಲುತ್ತೆ. ನಿಂತಿದ್ದರೆ?"

ಅವನು ಲೋಟ ಕೆಳಗಿಟ್ಟ. ಇಂಜಿನಿಯರ್ ಬಂದಿರುವುದು ಅವನಿಗೆ ಗೊತ್ತಿತ್ತು.

"ನಾನು ಸುಳ್ಳು ಹೇಳಿಲ್ಲ. ನಿಂತರೆ ನಿಲ್ಲುತ್ತೆ ಅಂದೆ. ಅದು ನಿಜ ತಾನೇ?"

"ಅಡ್ಡಗೋಡೆ ಮೇಲೆ ದೀಪ ಇಟ್ಟೆ ನೀನು. ಇನ್ನೊಂದು ಕಡೆ ಕತ್ತಲೇಲಿ ಅವರು ಹೋದ್ರು."

"ಮಾಲೀಕರು ಹೇಳಿದ್ರು. ಅದನ್ನೆಲ್ಲ ಹೇಳಿ ಡ್ರೈವರುಗಳನ್ನ ಹೆದರಿಸ್ಬೇಡ, ಹೆದರಿದ್ರೆ ಮತ್ತೆ ಜೋಡಿ ಬೇಕು ಅಂತಾರೆ ಅಂದ್ರು. ಭಾವ ಹುಷಾರಿನ ಮನುಷ್ಯ, ಅವನಿಗೇನೂ ಆಗಲ್ಲ ಅಂದ್ಕೊಂಡೆ."

"ಹುಷಾರಿದ್ದೋನಿಗೆ ಹುಷಾರು ಬೇಡ ಅಂತ ಹೇಳ್ಕೊಟ್ಟೋನು ನೀನು. ಮಗು ಕೇಳ್ತಲ್ಲ, ಆಗ್ಲಾದ್ರೂ ಬಾಯಿ ಬಿಡಬಾರದಿತ್ತಾ? ಅಲ್ಲಿ ಮಾಲೀಕರಿದ್ರಾ? ನಾನಿದ್ದೆ. ಅವರಿದ್ರು."

ಅವನು ಕುರ್ಚಿಯನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ತಿರುಗಿಸಿದ. "ಆಗ ಹೇಳಿದ್ರೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಭಾವ ಕೇಳ್ತಿದ್ದ."

ಇಷ್ಟೇ ಕಾರಣ. ನನ್ನ ಗಂಡ ಕೇಳಬಹುದಾಗಿದ್ದ ಒಂದು ಪ್ರಶ್ನೆಗೆ ಇವನು ಹೆದರಿದ.

"ಸತ್ತ ಮೇಲೆ ನಿದ್ದೆ ಮಾಡ್ದ ಅಂದೆಯಲ್ಲ?"

ಅವನು ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದ. ಕಣ್ಣಲ್ಲಿ ನೀರು ಬಂತು. ಅವನಿಗೆ ಅಳು ಬೇಗ ಬರುತ್ತದೆ. ನಾನು ಬಂದ ಕೆಲಸ ಹೇಳಿದೆ. ಡ್ರೈವರುಗಳನ್ನೆಲ್ಲ ಕರೆಸಿ ಎರಡು ಮಾತು ಹೇಳಬೇಕು. ಬೆಣ್ಣೆ ನಿದ್ದೆ ಮಾಡಿರಲಿಲ್ಲ ಅನ್ನುವುದು ಒಂದು. ನಿಂತಿದ್ದರೆ ನಿಲ್ಲುವುದಿಲ್ಲ ಅನ್ನುವುದು ಇನ್ನೊಂದು. ಬೇರೇನೂ ಬೇಡ.

"ಆಗ್ಲಿ ತಂಗಿ. ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಹೇಳ್ತೀನಿ. ಭಾವನ ಆಣೆ."

ಮತ್ತೆ ನಂಬಿದೆ ನೋಡಿ. ಮನೆಗೆ ಹೋಗಿ ಮಗಳಿಗೂ ಹೇಳಿದೆ, ನಾಳೆಯಿಂದ ನಿನ್ನ ಅಪ್ಪನನ್ನು ಯಾರೂ ಹಾಗೆ ಅನ್ನುವುದಿಲ್ಲ ಎಂದು.

ಮಾರನೇ ದಿನ ಅವನು ಡ್ರೈವರುಗಳನ್ನು ಸೇರಿಸಿದ. ಮಾಲೀಕರೂ ಬಂದು ಒಂದು ವ್ಯಾನಿಗೆ ಒರಗಿ ನಿಂತಿದ್ದರು. ನಾನು ಕಾಗದ ಬಿಟ್ಟು ಬಂದು ಮುಂದೆ ನಿಂತೆ. ಅವನು ನನ್ನ ಕಡೆ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡ.

"ಎಲ್ಲರೂ ಎಚ್ಚರವಾಗಿ ಓಡಿಸಿ. ಯಂತ್ರ ಇದೆ ಅಂತ ಮೈಮರೀಬೇಡಿ. ಹಿಂದಿನ ದಿನ ಚೆನ್ನಾಗಿ ನಿದ್ದೆ ಮಾಡಿ ಬನ್ನಿ. ಬೆಣ್ಣೆ ಕಥೆ ನೆನಪಿರ್ಲಿ."

ಯಾರೋ ಒಬ್ಬ ಚ್ಚು ಚ್ಚು ಅಂದ. ಮಾಲೀಕರು ತಲೆ ಆಡಿಸಿದರು.

ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇನೆ. ಇವನು ಜಂತೆಯನ್ನೇ ಕಳಚಿಕೊಂಡು ಹೋದ. ಡ್ರೈವರುಗಳ ಕಡೆ ತಿರುಗಿದೆ.

"ನನ್ನ ಗಂಡ ನಿದ್ದೆ ಮಾಡಿರ್ಲಿಲ್ಲ" ಅಂದೆ. "ಬ್ರೇಕ್ ಒತ್ತಿದ್ರು, ಕಂಪನಿಯೋರೇ ಹೇಳಿದಾರೆ. ಸೊಸೆ ನಿಲ್ಲಿಸ್ತಾಳೆ ಅಂತ ಕಾದ್ರು, ಅದಕ್ಕೇ ಸತ್ರು. ಎಲ್ಲರೂ ಕೇಳಿಸ್ಕೊಳ್ಳಿ. ಮುಂದೆ ಓಡ್ತಿದ್ದ ಗಾಡಿ ನಿಂತರೆ ಅವಳು ನಿಲ್ತಾಳೆ. ಮೊದಲೇ ನಿಂತಿದ್ದರೆ ನಿಲ್ಲಲ್ಲ. ಅವಳಿಗೆ ಅದು ಕಂಬ ಇದ್ದ ಹಾಗೆ. ಈ ಮಾತು ಇವನಿಗೆ ಮೊದಲಿಂದಾನೂ ಗೊತ್ತು."

ಒಬ್ಬ ಹಳೇ ಡ್ರೈವರು ಅವನ ಕಡೆ ತಿರುಗಿ, "ಹೌದೇನಯ್ಯಾ?" ಅಂದ.

"ಪಾಪ, ಅವಳ ಮನಸ್ಸು ಸರಿಯಿಲ್ಲ" ಅಂದ ಜೋಡಿ. ಬಹಳ ಮೃದುವಾಗಿ ಅಂದ. ನನ್ನ ಭುಜದ ಮೇಲೆ ಕೈ ಇಡಲು ಬಂದ.

"ಮುಟ್ಟಬೇಡ" ಅಂದೆ. ಅಂದಿನಿಂದ ಅವನನ್ನು ಅಣ್ಣ ಅಂದಿಲ್ಲ.

ಡ್ರೈವರುಗಳು ಗಾಡಿ ಹತ್ತಿ ಹೋದರು. ಯಾರು ನಂಬಿದರೋ ಯಾರು ಬಿಟ್ಟರೋ ಗೊತ್ತಿಲ್ಲ. ಹಳೇ ಡ್ರೈವರು ಮಾತ್ರ ಹತ್ತುವ ಮುಂಚೆ ನನ್ನ ಹತ್ತಿರ ಬಂದು, "ಇನ್ನೊಂದ್ಸಲ ಹೇಳಮ್ಮ" ಅಂದ. ಹೇಳಿದೆ. ಬೆರಳು ಮಡಚಿಕೊಂಡು ಕೇಳಿದ.

ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಜನ ಮಾತಾಡುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಾಗದ ಇಡುವ ಕೆಲಸ ಬೇರೆಯವಳಿಗೆ ಕೊಟ್ಟು ನನ್ನನ್ನು ಯಾರ್ಡು ಗುಡಿಸಲು ಹಾಕಿದರು. ಒಳಗೆ ಬೇಡ, ಹೊರಗಿರಲಿ ಅಂತ. ವ್ಯಾನುಗಳು ಹೊರಡುವುದು ಹೊರಗಿನಿಂದಲೇ ಎಂದು ಅವರಿಗೆ ಹೊಳೆಯಲಿಲ್ಲ.

ಮಾವ ಯಾಕೆ ಬರುವುದಿಲ್ಲ ಎಂದು ಕೇಳುವುದನ್ನು ಮಗಳು ಬಿಟ್ಟಿದ್ದಾಳೆ. ಅವಳಿಗೆ ಎಲ್ಲ ಹೇಳಿದ್ದೇನೆ, ಒಂದನ್ನು ಬಿಟ್ಟು. ಉಪ್ಪಿನ ಡಬ್ಬಿ ಇಟ್ಟು ಅವಳು ಕೇಳಿದ್ದಕ್ಕೆ ಅಂದೇ ಉತ್ತರ ಸಿಕ್ಕಿದ್ದರೆ ಅಪ್ಪ ಉಳಿಯುತ್ತಿದ್ದರು ಅನ್ನುವುದನ್ನು ಹೇಳಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಮೊದಲು ನೆಲಕ್ಕೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಗಾಜಿನ ಪುಡಿ ಮೇಲೇಳುತ್ತದೆ. ಬಿಸಿಲು ಓರೆಯಾಗಿ ಬಿದ್ದಿರುವಾಗ ಸೊಂಟ ಬಗ್ಗಿಸಿ ನೋಡಿದರೆ ಸಣ್ಣ ಚೂರುಗಳೂ ಹೊಳೆಯುತ್ತವೆ. ಚಕ್ರದ ಮುಂದಿನದನ್ನು ಮೊದಲು ಗುಡಿಸುತ್ತೇನೆ. ನಾನು ಸರಿಯದೆ ಗಾಡಿ ಹೊರಡುವಂತಿಲ್ಲ. ಡ್ರೈವರು ಕಿಟಕಿ ಇಳಿಸುತ್ತಾನೆ. ನಿಂತರೆ, ನಿಂತಿದ್ದರೆ ಎಂದು ಶುರು ಮಾಡುತ್ತೇನೆ. "ಗೊತ್ತು ತಾಯಿ, ದಿನಾ ಹೇಳ್ತೀಯ" ಅನ್ನುತ್ತಾನೆ. ಹಾಗಾದರೆ ನೀನು ಹೇಳು ಅನ್ನುತ್ತೇನೆ. ಅವನು ಪೂರ್ತಿ ಹೇಳಿದ ಮೇಲೆ ಪೊರಕೆ ಎತ್ತಿಕೊಂಡು ಮುಂದಿನ ವ್ಯಾನಿನ ಹತ್ತಿರ ಹೋಗಿ ನೀರು ಚಿಮುಕಿಸುತ್ತೇನೆ.